ಕಥೆ ದೊಡ್ಡದು, ಸ್ಟುಡಿಯೊ ಚಿಕ್ಕದು: ‘ದಿ ಸ್ಟಾರ್‌ಲಾಸ್ಟ್’ ಎಡವಿದ್ದೆಲ್ಲಿ?

ಪ್ರಶ್ನೆ: 1973ರ ಕೆನಡಾ ಸರಣಿ ‘ದಿ ಸ್ಟಾರ್‌ಲಾಸ್ಟ್’ ಕಥೆ ಅಷ್ಟು ಚೆನ್ನಾಗಿದ್ದೂ ಯಾಕೆ ನೆಲಕಚ್ಚಿತು? ಅಂಥದೇ ಎಳೆ ಹಿಡಿದು ಸಕಲೇಶಪುರದ ಕಡೆ ಕಿರುಚಿತ್ರ ಮಾಡಬಹುದೇ? (ಹಾಸನದ ಓದುಗರು)

ಉತ್ತರ: ಅಮೆರಿಕದ ಲೇಖಕ ಹಾರ್ಲನ್ ಎಲಿಸನ್ ಕಲ್ಪಿಸಿದ್ದು ಇದು: ಭೂಮಿ ನಾಶವಾಗಲಿದೆಯೆಂದು ಕಟ್ಟಿದ ‘ಆರ್ಕ್’ ಎಂಬ ಬಾಹ್ಯಾಕಾಶ ನೌಕೆ, ಅದರೊಳಗೆ ಒಂದಕ್ಕೊಂದು ಸಂಪರ್ಕ ಕಡಿದ ಗುಮ್ಮಟಗಳು, ತಾವಿರುವುದು ನೌಕೆಯಲ್ಲಿ ಎಂಬುದನ್ನೇ ಮರೆತ ಜನ. ಹಾಸನದವರಿಗೆ ಇದರ ಭಯ ಬೇಗ ಅರ್ಥವಾದೀತು. ನಿಮ್ಮೂರಿನ ಇಸ್ರೊ ಮುಖ್ಯ ನಿಯಂತ್ರಣ ಕೇಂದ್ರ ನೆಲದಿಂದಲೇ ಆಜ್ಞೆ ಕಳಿಸಿ ಉಪಗ್ರಹದ ದಾರಿ ಸರಿಪಡಿಸುತ್ತದೆ. ಆರ್ಕ್‌ಗೆ ಆಜ್ಞೆ ಕಳಿಸುವ ನೆಲವೇ ಇಲ್ಲ.

ಎಲಿಸನ್‌ರ ಮೂಲ ಚಿತ್ರಕಥೆಗೆ ಅಮೆರಿಕದ ರೈಟರ್ಸ್ ಗಿಲ್ಡ್ ಪ್ರಶಸ್ತಿ ಬಂತು. ತೆರೆಯ ಮೇಲೆ ಮಾತ್ರ ಅವರು ‘ಕಾರ್ಡ್‌ವೇನರ್ ಬರ್ಡ್’ ಎಂಬ ಬೇರೆ ಹೆಸರು ಹಾಕಿಸಿಕೊಂಡರು. 16 ಕಂತಿಗೆ ಸರಣಿ ನಿಂತಿತು.

ಎಲ್ಲರೂ ನೆಚ್ಚಿದ್ದು ‘ಮ್ಯಾಜಿಕ್ಯಾಮ್’ ಎಂಬ ಯಂತ್ರವನ್ನು. ನೀಲಿ ಪರದೆಯ ಮುಂದಿನ ನಟರಿಗೆ ಒಂದು ಕ್ಯಾಮೆರಾ, ಸೆಟ್‌ನ ಪುಟ್ಟ ಮಾದರಿಗೆ ಇನ್ನೊಂದು; ನೀಲಿಯ ಜಾಗದಲ್ಲಿ ಮಾದರಿಯ ಚಿತ್ರ ಕೂಡಿಸುತ್ತಾರೆ. ಎರಡೂ ಅಳತೆ ತಪ್ಪದೆ ಒಟ್ಟಿಗೆ ಸರಿಯಬೇಕು. ಮಾದರಿ 1:24 ಇದ್ದರೆ ನಟರ ಕ್ಯಾಮೆರಾ 24 ಸೆಂ.ಮೀ. ಸರಿದಾಗ ಮಾದರಿಯದು 1 ಸೆಂ.ಮೀ. ಮಾದರಿಯ ಬಳಿ 1 ಮಿ.ಮೀ. ಹೆಚ್ಚುಕಮ್ಮಿಯಾದರೂ ನಟರ ಕಡೆ ಅದು 24 ಮಿ.ಮೀ.; ಪಾದ ನೆಲದ ಮೇಲೆ ಜಾರಿದಂತೆ ಕಾಣುತ್ತದೆ. ಯಂತ್ರ ಕೈಕೊಟ್ಟಿತು, ವಿಶಾಲ ಜಗತ್ತನ್ನು ಟೊರೊಂಟೊದ ಇಕ್ಕಟ್ಟಿನ ಸೆಟ್‌ಗಳಲ್ಲಿ ತುರುಕಬೇಕಾಯಿತು. ಅದಕ್ಕಿಂತ ದೊಡ್ಡ ನಷ್ಟವೆಂದರೆ, ಇದು ನೌಕೆ, ನಕ್ಷತ್ರಕ್ಕೆ ಢಿಕ್ಕಿ ಹೊಡೆಯಲಿದೆ ಎಂಬ ಗುಟ್ಟನ್ನು ಮೊದಲ ಕಂತಿನಲ್ಲೇ ಕಂಪ್ಯೂಟರ್ ಬಾಯಲ್ಲಿ ಹೇಳಿಸಿಬಿಟ್ಟದ್ದು. ನಿಧಾನವಾಗಿ ಬಿಚ್ಚಿಕೊಳ್ಳಬೇಕಿದ್ದ ಕಥೆ ಅಲ್ಲಿಗೇ ಬಡವಾಯಿತು.

ನೀವು ಖಂಡಿತ ಮಾಡಬಹುದು. ಗುಮ್ಮಟವನ್ನು ತೋರಿಸಲೇ ಹೋಗಬೇಡಿ. ಮಳೆಗಾಲದ ಮಂಜಿನಲ್ಲಿ ಕಾಫಿ ತೋಟದ ಅಂಚೇ ಕಾಣುವುದಿಲ್ಲ, ಜಗತ್ತು ಅಲ್ಲಿಗೇ ಮುಗಿದಂತಿರುತ್ತದೆ. ಆದರೆ ಮಂಜು ಗಳಿಗೆಗೊಮ್ಮೆ ಬದಲಾಗುತ್ತದೆ, ಶಾಟ್‌ಗಳು ಒಂದಕ್ಕೊಂದು ಹೊಂದುವುದಿಲ್ಲ. ಆದ್ದರಿಂದ ದೃಶ್ಯದ ದೂರದ ಶಾಟ್‌ಗಳನ್ನೆಲ್ಲ ಒಂದೇ ಬಾರಿಗೆ ಮುಗಿಸಿ, ಮುಖದ ಶಾಟ್‌ಗಳನ್ನು ಆಮೇಲೆ ತೆಗೆಯಿರಿ. ಮೊಬೈಲ್‌ನಲ್ಲಿ ಫೋಕಸ್, ಎಕ್ಸ್‌ಪೋಶರ್, ವೈಟ್ ಬ್ಯಾಲೆನ್ಸ್ ಮೂರನ್ನೂ ಲಾಕ್ ಮಾಡಿ.

ಮಾದರಿ ಸೇರಿಸುವ ಶಾಟ್ ಒಂದೇ ಸಾಕು: ತೋಟದ ಮನೆಯ ಬಾಗಿಲು ತೆರೆದರೆ ಆಚೆ ಲೋಹದ ಓಣಿ. ಬಾಗಿಲಿಗೆ ನೀಲಿ ಬಟ್ಟೆ ಕಟ್ಟಿ. ಹಸಿರು ಬೇಡ, ಕೀಯಿಂಗ್ (ಬಟ್ಟೆಯ ಬಣ್ಣ ಅಳಿಸಿ ಅಲ್ಲಿ ಬೇರೆ ಚಿತ್ರ ಕೂಡಿಸುವುದು) ಮಾಡುವಾಗ ಎಲೆಗಳೂ ಮಾಯವಾಗುತ್ತವೆ. ನಟರು ಬಟ್ಟೆಯಿಂದ 2 ಮೀಟರ್ ಈಚೆಗಿರಲಿ, ಇಲ್ಲದಿದ್ದರೆ ಕೂದಲಂಚಿಗೆ ನೀಲಿ ಹೊಡೆಯುತ್ತದೆ. ಕ್ಯಾಮೆರಾ ಸ್ಟ್ಯಾಂಡ್ ಅಲುಗಬಾರದು. 1:24 ಮಾದರಿಯಾದರೆ ಅದಕ್ಕೆ ಲೆನ್ಸ್‌ನ ಎತ್ತರವನ್ನೂ ದೂರವನ್ನೂ 24ರಿಂದ ಭಾಗಿಸಿ ಇಡಿ, ಬೆಳಕು ಅದೇ ದಿಕ್ಕಿನಿಂದ ಬರಲಿ. ಕ್ಯಾಮೆರಾದಲ್ಲಿ ಅಪರ್ಚರ್ (ಬೆಳಕು ಬರುವ ಲೆನ್ಸ್‌ನ ರಂಧ್ರ) ಎಫ್/16ರಷ್ಟು ಕಿರಿದು ಮಾಡಿ ಬೆಳಕು ಹೆಚ್ಚಿಸಿ. ಮಾದರಿಯ ಹಿಂಭಾಗ ಮಸುಕಾದರೆ ಅದು ಆಟಿಕೆಯೆಂದು ತಕ್ಷಣ ಗೊತ್ತಾಗಿಬಿಡುತ್ತದೆ.