ಓದುಗರ ಪ್ರಶ್ನೆ: ಮರೆವಿನ ಕಾಯಿಲೆಗೆ ಚಹಾಕೂಟದ ದೇಣಿಗೆ ಏಕೆ?

ಪ್ರಶ್ನೆ: ನಮ್ಮ ಬಡಾವಣೆಯ ಮಹಿಳಾ ಸಂಘದಿಂದ ಚಹಾಕೂಟ ನಡೆಸಿ ಡಿಮೆನ್ಷಿಯಾ ಇರುವವರ ನೆರವಿಗೆ ಹಣ ಕೂಡಿಸಬೇಕೆಂದಿದ್ದೇವೆ. ‘ಅರವತ್ತಕ್ಕೆ ಅರಳು ಮರಳು ಸಹಜ, ಅದಕ್ಕೇಕೆ ದೇಣಿಗೆ?’ ಎಂದು ಕೆಲವರು ಕೇಳುತ್ತಾರೆ. ಏನು ಹೇಳಬೇಕು? ಕೂಟವನ್ನು ಹೇಗೆ ನಡೆಸಬೇಕು?

ಉತ್ತರ: ಡಿಮೆನ್ಷಿಯಾಕ್ಕೆ ಮುಖ್ಯ ಕಾರಣವಾದ ಕಾಯಿಲೆ ಅಲ್ಝೈಮರ್ಸ್. ಸೆಪ್ಟೆಂಬರ್ 21ರ ವಿಶ್ವ ಅಲ್ಝೈಮರ್ಸ್ ದಿನ ಹತ್ತಿರವಾದಂತೆ ಈ ಪ್ರಶ್ನೆ ತಪ್ಪದೆ ಬರುತ್ತದೆ. ಏರ್ಪಾಡು ಕಷ್ಟವೇನಲ್ಲ. ಹಣ ಯಾವ ಸಂಸ್ಥೆಗೆ, ಯಾವ ಕೆಲಸಕ್ಕೆ ಎಂಬುದನ್ನು ಆಹ್ವಾನದಲ್ಲೇ ಬರೆಯಿರಿ. ಕ್ಯೂಆರ್ ಕೋಡ್ ಆ ಸಂಸ್ಥೆಯ ಖಾತೆಯದ್ದೇ ಆಗಿರಲಿ, ಪದಾಧಿಕಾರಿಗಳ ಸ್ವಂತ ಖಾತೆಯದ್ದು ಬೇಡ. 2,000 ರೂಪಾಯಿ ಮೀರಿದ ನಗದು ದೇಣಿಗೆಗೆ ಆದಾಯ ತೆರಿಗೆ ರಿಯಾಯಿತಿ ಸಿಗುವುದಿಲ್ಲವಾದ್ದರಿಂದ ದೊಡ್ಡ ಮೊತ್ತವನ್ನು ಚೆಕ್ ಅಥವಾ ಯುಪಿಐ ಮೂಲಕವೇ ಪಡೆಯಿರಿ. ಕೋಡುಬಳೆ, ಚಕ್ಕುಲಿ ಮನೆಗಳಿಂದಲೇ ಬರಲಿ. ಚಹಾದ ಜೊತೆ ಫಿಲ್ಟರ್ ಕಾಫಿಯೂ ಇರಲಿ.

ಇನ್ನು ಅರಳು ಮರಳಿನ ಮಾತು. ಎಷ್ಟು ಸಲ ಉತ್ತರಿಸಿದರೂ ಇದು ಮತ್ತೆ ಎದುರಾಗುವುದರಿಂದ ಈ ಬಾರಿ ವಿಸ್ತಾರವಾಗಿಯೇ ಬರೆಯುತ್ತೇನೆ. ಡಿಮೆನ್ಷಿಯಾ ಮುಪ್ಪಿನ ಸಹಜ ಲಕ್ಷಣವಲ್ಲ. ಮಿದುಳಿನ ಕಾಯಿಲೆಗಳಿಂದ ಉಂಟಾಗುವ ಸ್ಥಿತಿ. ಜರ್ಮನಿಯ ವೈದ್ಯ ಅಲೋಯಿಸ್ ಅಲ್ಝೈಮರ್ 1906ರಲ್ಲಿ ಯಾರ ಮಿದುಳಿನ ಬದಲಾವಣೆಗಳನ್ನು ವಿವರಿಸಿದರೋ ಆ ಮಹಿಳೆ ಆಸ್ಪತ್ರೆಗೆ ಸೇರಿದಾಗ ಆಕೆಗೆ 51 ವರ್ಷ, ಅಂದರೆ ಗಾದೆಯ ಅರವತ್ತು ಇನ್ನೂ ದೂರವಿತ್ತು. ವಯಸ್ಸಿನೊಂದಿಗೆ ಸಂಭವ ಹೆಚ್ಚುತ್ತದೆ, ನಿಜ. ಆದರೆ 2023ರಲ್ಲಿ ಪ್ರಕಟವಾದ ಅಂದಾಜಿನಂತೆ ಭಾರತದಲ್ಲಿ 60 ದಾಟಿದವರಲ್ಲಿ ಡಿಮೆನ್ಷಿಯಾ ಇರುವವರು ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿ. ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಹಿರಿಯರಿಗೆ ಬಾರದೇ ಇರುವುದನ್ನು ಸಹಜವೆಂದು ಕರೆಯುವುದು ಹೇಗೆ? ಬೆಳಿಗ್ಗೆ ಮರೆತ ಹೆಸರು ಸಂಜೆಗೆ ನೆನಪಾಗುವುದು ಬೇರೆ, ಮೂವತ್ತು ವರ್ಷ ಓಡಾಡಿದ ಗಾಂಧಿ ಬಜಾರಿನಲ್ಲಿ ಮನೆಯ ದಾರಿ ತಿಳಿಯದೆ ನಿಲ್ಲುವುದು ಬೇರೆ.

ಈ ನಂಬಿಕೆಯಿಂದ ಆಗುವ ನಷ್ಟವೂ ಸಣ್ಣದಲ್ಲ. ವಿಟಮಿನ್ ಬಿ12 ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆ, ಕೆಲವು ಮಾತ್ರೆಗಳ ಅಡ್ಡ ಪರಿಣಾಮ ಇವುಗಳಿಂದಲೂ ಮರೆವು ಬರುತ್ತದೆ, ಚಿಕಿತ್ಸೆಯಿಂದ ಸುಧಾರಿಸುವ ಸಾಧ್ಯತೆಯೂ ಇರುತ್ತದೆ. ನಿಮ್ಹಾನ್ಸ್ ಇರುವ ಊರಿನಲ್ಲಿದ್ದುಕೊಂಡು, ‘ವಯಸ್ಸಾಯಿತು, ಬಿಡಿ’ ಎಂದು ತಪಾಸಣೆಯನ್ನೇ ಮಾಡಿಸದ ಮನೆಗಳನ್ನು ಕಂಡು ನನಗೆ ನಿಜಕ್ಕೂ ಸಂಕಟವಾಗುತ್ತದೆ. ಅಲ್ಝೈಮರ್ಸ್ ಅನ್ನು ಪೂರ್ತಿ ಗುಣಪಡಿಸುವ ಔಷಧಿ ಇಲ್ಲದಿರುವುದರಿಂದಲೇ ಆರೈಕೆಗೆ ಹಣ ಬೇಕು: ಹಗಲು ಆರೈಕೆ ಕೇಂದ್ರ, ತರಬೇತಿ ಪಡೆದ ಸಹಾಯಕರು, ಹಗಲಿರುಳು ನೋಡಿಕೊಳ್ಳುವ ಹೆಂಡತಿಗೋ ಸೊಸೆಗೋ ಒಂದಿಷ್ಟು ಬಿಡುವು. ದೇಣಿಗೆ ಕೇಳುವಾಗ ಇದನ್ನೇ ಹೇಳಿ.

ಡಿಮೆನ್ಷಿಯಾ ಇರುವವರನ್ನೇ ಕೂಟಕ್ಕೆ ಕರೆಯಬಹುದೇ ಎಂದು ನೀವು ಕೇಳಲಿಲ್ಲ, ಕೇಳಬೇಕಿತ್ತು. ಖಂಡಿತ ಕರೆಯಿರಿ. ಸಂಜೆಯ ಹೊತ್ತಿಗೆ ಹಲವರಲ್ಲಿ ಗಲಿಬಿಲಿ, ಚಡಪಡಿಕೆ ಹೆಚ್ಚುವುದರಿಂದ ಕೂಟವನ್ನು ಬೆಳಿಗ್ಗೆ 11ರ ಸುಮಾರಿಗೆ ಇಟ್ಟುಕೊಳ್ಳಿ. ಮೈಕ್ ಬೇಡ. ಕಾಫಿಯನ್ನು ಬಾಯಿ ಸುಡದಷ್ಟು ಆರಿಸಿ, ಲೋಟದ ಅರ್ಧಕ್ಕೆ ಮಾತ್ರ ತುಂಬಿ ಕೊಡಿ. ‘ನಾನು ಯಾರು, ಹೇಳಿ ನೋಡೋಣ’ ಎಂದು ಯಾರೂ ಅವರನ್ನು ಪರೀಕ್ಷಿಸಬಾರದು. ‘ಅಜ್ಜಿ, ನಾನು ಎದುರು ಮನೆಯ ಸರೋಜ’ ಎಂದು ತಾವೇ ಹೆಸರು ಹೇಳಿ ಮಾತಿಗೆ ತೊಡಗಬೇಕು. ಅವರನ್ನು ಕರೆತಂದವರೂ ನಿರಾಳವಾಗಿ ಕುಳಿತು ತಿಂಡಿ ತಿನ್ನುವಂತಾಗಲು, ಅಷ್ಟು ಹೊತ್ತು ಹಿರಿಯರ ಪಕ್ಕದಲ್ಲಿರುವ ಹೊಣೆಯನ್ನು ಸಂಘದ ಒಬ್ಬರಿಗೆ ಮೊದಲೇ ವಹಿಸಿರಿ.