ಫಾರಿನ್ ಆಕ್ಸೆಂಟ್ ಇಲ್ಲದೆ ಇಂಗ್ಲಿಷ್ ಕಲಿಸಬಹುದಾ?

ಪ್ರಶ್ನೆ: ನಾನು ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಬಿಎ ಆಗಿದೆ. ಇಂಗ್ಲಿಷ್ ಕಲಿಸುವ ಕೋರ್ಸ್ ಮಾಡಬೇಕು ಅಂತ ಆಸೆ. ಆದರೆ ನನಗೆ ಫಾರಿನ್‌ನವರ ಆಕ್ಸೆಂಟ್ ಬರುವುದಿಲ್ಲ. ಸೇರಬಹುದಾ?

ಸೇರಬಹುದು. ಈ ಉತ್ತರವನ್ನು ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಕೇಳುವವರ ಊರು ಬದಲಾಗುತ್ತದೆ, ಆಕ್ಸೆಂಟ್ ಭಯ ಮಾತ್ರ ಅದೇ.

ಇಂಗ್ಲಿಷ್ ಕಲಿಸುವವರಿಗಾಗಿಯೇ ಇರುವ ಕೇಂಬ್ರಿಡ್ಜ್‌ನ ಸೆಲ್ಟಾ ಕೋರ್ಸನ್ನೇ ತಗೊಳ್ಳಿ. ಅವರು ಕೇಳುವುದು ಒಳ್ಳೆಯ ಇಂಗ್ಲಿಷ್, ಅಂದರೆ ಭಾಷೆ ಎಷ್ಟು ಬರುತ್ತದೆ ಅಂತ ನೋಡುವ ಯುರೋಪಿನ ಅಳತೆಯಲ್ಲಿ ಸಿ1 ಅಥವಾ ಸಿ2, ಎಲ್ಲಕ್ಕಿಂತ ಮೇಲಿನ ಎರಡು ಮಟ್ಟ. ಎಲ್ಲಿ ಹುಟ್ಟಿದಿರಿ ಅಂತ ಕೇಳುವುದಿಲ್ಲ. ಸುಮಾರು 120 ಗಂಟೆಯ ತರಬೇತಿ. ಅದರಲ್ಲಿ 6 ಗಂಟೆ ನಿಜವಾದ ಕಲಿಯುವವರ ಮುಂದೆ ನಿಂತು ಕಲಿಸಬೇಕು. ಯಾವ ಕೋರ್ಸ್‌ಗೇ ದುಡ್ಡು ಕಟ್ಟುವ ಮೊದಲು ಇದೊಂದನ್ನು ಕೇಳಿ: ಕಲಿಸುವ ಅಭ್ಯಾಸ ಎಷ್ಟು ಗಂಟೆ? ಬರೀ ವಿಡಿಯೋ ನೋಡಿ ಸರ್ಟಿಫಿಕೇಟ್ ತಗೊಂಡರೆ ಮೊದಲ ದಿನವೇ ಕ್ಲಾಸಲ್ಲಿ ಕೈಕಾಲು ನಡುಗುತ್ತದೆ.

ಇನ್ನು ಆಕ್ಸೆಂಟ್. ಯಾರದ್ದು ಬೇಕು ಹೇಳಿ. ಗ್ಲಾಸ್ಗೋದವರದ್ದಾ, ಲಿವರ್‌ಪೂಲ್‌ನವರದ್ದಾ, ಟೆಕ್ಸಾಸ್‌ನವರದ್ದಾ? ಧಾರವಾಡದ ಕನ್ನಡ ಬೇರೆ, ಮಂಗಳೂರಿನದ್ದು ಬೇರೆ. ಅಲ್ಲೂ ಹಾಗೇ ಅಲ್ವಾ?

ತಿದ್ದಿಕೊಳ್ಳಬೇಕಾದ್ದು ಬೇರೆ ಇದೆ. ನಾವು 'ಎಲ್ಲಿ'ಯನ್ನು 'ಯೆಲ್ಲಿ' ಅನ್ನುತ್ತೇವೆ, 'ಒಂದು'ವನ್ನು 'ವೊಂದು' ಅನ್ನುತ್ತೇವೆ. ಅದೇ ರೂಢಿಯಲ್ಲಿ 'ಎಗ್' ಹೋಗಿ 'ಯೆಗ್' ಆಗುತ್ತದೆ. ಒತ್ತು, ಅಂದರೆ ಪದದ ಯಾವ ಭಾಗವನ್ನು ಜೋರಾಗಿ ಹೇಳುತ್ತೇವೆ ಅನ್ನುವುದು, ಇನ್ನೂ ಮುಖ್ಯ. 'ಫೋಟೋಗ್ರಾಫ್'ನಲ್ಲಿ ಒತ್ತು ಮೊದಲಿಗೆ ಬೀಳುತ್ತದೆ, 'ಫೊಟಾಗ್ರಫರ್'ನಲ್ಲಿ 'ಟಾ' ಮೇಲೆ. ಅದು ತಪ್ಪಿದರೆ ಕೇಳುವವರು ತಡವರಿಸುತ್ತಾರೆ. ಇದೆಲ್ಲ ಅಭ್ಯಾಸದಿಂದ ಬರುತ್ತದೆ. ಲಂಡನ್‌ನಲ್ಲಿ ಹುಟ್ಟಬೇಕಾಗಿಲ್ಲ.

ನಿಜ ಹೇಳಬೇಕೆಂದರೆ, ನಮ್ಮ ಮಕ್ಕಳಿಗೆ ಕಲಿಸಲು ನಿಮ್ಮ ಕನ್ನಡವೇ ದೊಡ್ಡ ಬಂಡವಾಳ. ನನ್ನ ಕ್ಲಾಸಲ್ಲಿ ಒಬ್ಬ ಹುಡುಗ ದಿನಾ ಹೀಗೆ ಹೇಳುತ್ತಿದ್ದ: 'ಯೆಸ್ಟರ್‌ಡೇ ಐ ಹ್ಯಾಡ್ ಗಾನ್ ಟು ಮೈಸೂರು.' ತಪ್ಪು, 'ವೆಂಟ್' ಅನ್ನು ಅಂತ ಎಷ್ಟೋ ಸಲ ತಿದ್ದಿದೆ. ಮರುದಿನ ಮತ್ತೆ 'ಹ್ಯಾಡ್ ಗಾನ್'. ಆಮೇಲೆ ಹೊಳೆಯಿತು. ಅವನ ತಲೆಯಲ್ಲಿದ್ದದ್ದು 'ನಿನ್ನೆ ಮೈಸೂರಿಗೆ ಹೋಗಿದ್ದೆ.' ಕನ್ನಡದಲ್ಲಿ ಅದು ಸರಿಯೇ. ಹೋಗಿದ್ದೆ ಅಂದರೆ ಹೋಗಿ ಬಂದಾಯಿತು, ಮಾತು ಮುಗಿಯಿತು. 'ಹೋದೆ' ಅಂದರೇನೇ ಆಮೇಲೇನಾಯ್ತು ಅಂತ ಕೇಳುತ್ತೇವೆ. ಇಂಗ್ಲಿಷಲ್ಲಿ ಉಲ್ಟಾ. 'ಹ್ಯಾಡ್ ಗಾನ್' ಅಂದ ಕೂಡಲೇ ಕೇಳುವವರು ಇನ್ನೊಂದು ಘಟನೆಗೆ ಕಾಯುತ್ತಾರೆ.

ಬೋರ್ಡ್ ಮೇಲೆ ಗೆರೆ ಎಳೆದು ಎರಡು ಚುಕ್ಕೆ ಇಟ್ಟೆ. ಮೊದಲ ಚುಕ್ಕೆ: ಬಸ್ ಹೋಯಿತು. ಎರಡನೆಯದು: ನಾನು ಬಂದೆ. 'ವೆನ್ ಐ ಕೇಮ್, ದ ಬಸ್ ಹ್ಯಾಡ್ ಗಾನ್.' ಹುಡುಗ ಸ್ವಲ್ಪ ಹೊತ್ತು ನೋಡಿದ. 'ಹಾಗಾದ್ರೆ ನಂದು ಒಂದೇ ಚುಕ್ಕೆ ಮೇಡಂ' ಅಂದ. ಆ ದಿನದ ಖುಷಿ ನನಗೆ ಇನ್ನೂ ಇದೆ. ಕನ್ನಡ ಗೊತ್ತಿಲ್ಲದ ಮೇಷ್ಟ್ರಿಗೆ ಆ 'ಹೋಗಿದ್ದೆ' ಕಾಣಿಸುವುದೇ ಇಲ್ಲ.

ಹಾಗಾದರೆ ಕ್ಲಾಸಲ್ಲಿ ಕನ್ನಡ ಮಾತಾಡಬಹುದಾ? ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಹತ್ತು ಭಾಷೆಯವರು ಕೂತಿರುವ ಕ್ಲಾಸಲ್ಲಿ ಇಂಗ್ಲಿಷ್ ಬಿಟ್ಟರೆ ಗತಿಯಿಲ್ಲ. ಎಲ್ಲರೂ ಕನ್ನಡದವರೇ ಆದರೆ ಒಂದು ಕನ್ನಡ ವಾಕ್ಯ ಹತ್ತು ನಿಮಿಷ ಉಳಿಸುತ್ತದೆ. ಆದರೆ ಪ್ರತಿ ವಾಕ್ಯಕ್ಕೂ ಅರ್ಥ ಹೇಳಲು ಹೋಗಬೇಡಿ. ಮಕ್ಕಳು ಜಾಣರು, ಇಂಗ್ಲಿಷ್ ಕೇಳುವುದನ್ನು ಬಿಟ್ಟು ಕನ್ನಡಕ್ಕೆ ಕಾಯುತ್ತಾರೆ. ನಾನು ಮೊದಲು ಇಂಗ್ಲಿಷಲ್ಲಿ ಹೇಳುತ್ತೇನೆ, ಚಿತ್ರ ಬರೆಯುತ್ತೇನೆ, ಮುಖಗಳನ್ನು ನೋಡುತ್ತೇನೆ. ಆಗಲೂ ಆಗದಿದ್ದರೆ ಮಾತ್ರ ಕನ್ನಡ.

'ಅಂಡರ್‌ಸ್ಟುಡ್?' ಅಂತ ಮಾತ್ರ ದಯವಿಟ್ಟು ಕೇಳಬೇಡಿ. ಅರ್ಥವಾಗಲಿ ಬಿಡಲಿ, ಇಡೀ ಕ್ಲಾಸು 'ಯೆಸ್ ಮೇಡಂ' ಅನ್ನುತ್ತದೆ. ಅದರ ಬದಲು 'ಡಿಡ್ ಐ ಕ್ಯಾಚ್ ದ ಬಸ್?' ಅಂತ ಕೇಳಿ. 'ನೋ' ಅಂತ ಬಂದರೆ ಮುಂದಿನ ಪಾಠಕ್ಕೆ ಹೋಗಿ.