ಮೂಲೆಗಳನ್ನು ಅಳಿಸಿದ ಕೋಣೆ

ಗೋಡೆಯ ಮೇಲೊಂದು ದೊಡ್ಡ ನೀಲಿ ಆಯತ. ಬಣ್ಣ ಬಳಿದ ಹಲಗೆ ಇರಬೇಕೆಂದು ಮುಟ್ಟಲು ಹೋದರೆ ಬೆರಳಿಗೆ ಏನೂ ತಾಗುವುದಿಲ್ಲ, ಮೊಣಕೈವರೆಗೂ ಕೈ ಒಳಗೆ ಹೋಗುತ್ತದೆ. ಅದು ಹಲಗೆಯಲ್ಲ, ಗೋಡೆಯಲ್ಲಿ ಬಿಟ್ಟ ಕಿಂಡಿ. ಅದರ ಹಿಂದೆ ಇಡೀ ಒಂದು ಕೋಣೆಯಿದೆ. ಅಮೆರಿಕದ ಕಲಾವಿದ ಜೇಮ್ಸ್ ಟರೆಲ್ ದಶಕಗಳಿಂದ ಇಂಥವನ್ನು ಕಟ್ಟುತ್ತ ಬಂದಿದ್ದಾರೆ. 1980ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂನಲ್ಲಿ ಅವರ ಕೃತಿಯೊಂದನ್ನು ನೋಡುತ್ತಿದ್ದವರೊಬ್ಬರು ಇಲ್ಲದ ಗೋಡೆಗೆ ಒರಗಲು ಹೋಗಿ ಬಿದ್ದರು. ಪ್ರಕರಣ ಕೋರ್ಟಿಗೂ ಹೋಯಿತು.

ಕಣ್ಣು ಹೀಗೆ ಮೋಸಹೋಗುವುದೇಕೆ? ಗೋಡೆ ಎಷ್ಟು ದೂರದಲ್ಲಿದೆ ಎಂದು ನಮಗೆ ತಿಳಿಸುವುದು ಗೋಡೆಯ ಬಣ್ಣವಲ್ಲ, ಅದರ ಮೇಲಿನ ಸಣ್ಣಪುಟ್ಟ ಗುರುತುಗಳು: ಮೂಲೆಯ ಗೆರೆ, ಗಾರೆಯ ಉಬ್ಬುತಗ್ಗು, ಪಕ್ಕದ ಗೋಡೆಗಿಂತ ತುಸು ಮಬ್ಬಾದ ನೆರಳು. ಜರ್ಮನಿಯ ಮನಶ್ಶಾಸ್ತ್ರಜ್ಞ ಡೇವಿಡ್ ಕಾಟ್ಜ್ 1911ರಲ್ಲೇ ಬಣ್ಣ ಕಾಣುವ ಬಗೆಗಳನ್ನು ಬೇರ್ಪಡಿಸಿದ್ದರು. ವಸ್ತುವಿನ ಮೈಗೆ ಅಂಟಿಕೊಂಡ ಬಣ್ಣ ಒಂದು. ಕೊಳವೆಯ ಮೂಲಕ ನೋಡಿದ ಆಕಾಶದ ನೀಲಿಯಂತೆ ಯಾವ ಮೈಗೂ ಸೇರದ, ಇಷ್ಟೇ ದೂರ ಎಂದು ಹೇಳಲಾಗದ ಪರದೆಯಂಥ ಬಣ್ಣ ಇನ್ನೊಂದು. ಲೋಟದಲ್ಲಿರುವ ಪಾನಕದಂತೆ ಜಾಗವನ್ನೇ ತುಂಬಿದ ಬಣ್ಣ ಮತ್ತೊಂದು. ಗುರುತುಗಳನ್ನೆಲ್ಲ ಅಳಿಸಿದರೆ ಮೊದಲನೆಯದು ಎರಡನೆಯದೋ ಮೂರನೆಯದೋ ಆಗಿಬಿಡುತ್ತದೆ. ಬೆಳಗಿನ ಮಂಜಿನಲ್ಲಿ ಮುಳ್ಳಯ್ಯನಗಿರಿ ಹತ್ತಿದವರಿಗೆ ಇದು ಗೊತ್ತು: ಬಿಳುಪು ಮೂಗಿನ ತುದಿಯಲ್ಲಿದೆಯೋ ಮೈಲಿ ದೂರದಲ್ಲಿದೆಯೋ ಹೇಳಲಾಗದು.

ಹೀಗೆ ನೋಟವಿಡೀ ಒಂದೇ ಸಮನಾಗಿರುವ ಸ್ಥಿತಿಗೆ ಗಾನ್ಸ್‌ಫೆಲ್ಡ್ ಎಂಬ ಜರ್ಮನ್ ಹೆಸರಿದೆ. ಜರ್ಮನಿಯ ಮನಶ್ಶಾಸ್ತ್ರಜ್ಞ ವುಲ್ಫ್‌ಗಾಂಗ್ ಮೆಟ್ಜ್‌ಗರ್ 1930ರ ಸುಮಾರಿಗೆ ಇದನ್ನು ಪ್ರಯೋಗಕ್ಕೆ ಒಳಪಡಿಸಿದರು. ಮನೆಯಲ್ಲೇ ನೋಡಬಹುದು. ಬಿಳಿಯ ಟೇಬಲ್ ಟೆನಿಸ್ ಚೆಂಡನ್ನು ಎರಡು ಹೋಳು ಮಾಡಿ, ಅಂಚಿಗೆ ಹತ್ತಿ ಅಂಟಿಸಿ, ತೆರೆದ ಕಣ್ಣುಗಳ ಮೇಲೆ ಮುಚ್ಚಿ. ಎರಡಡಿ ದೂರದಿಂದ ಮುಖದ ಮೇಲೆ ಕೆಂಪು ಎಲ್‌ಇಡಿ ಬೆಳಕು ಬೀಳಲಿ. ಮೊದಲು ಗಾಢ ಕೆಂಪು ಕಾಣುತ್ತದೆ. ಕೆಲವು ನಿಮಿಷಗಳಲ್ಲಿ ಅದು ಮಾಸಿ ಬೂದಿಯಾಗುತ್ತದೆ, ದೀಪವೇನೂ ಬದಲಾಗಿರುವುದಿಲ್ಲ. ಕಣ್ಣಿನ ನರಕೋಶಗಳು ಮುಖ್ಯವಾಗಿ ವರದಿ ಮಾಡುವುದು ವ್ಯತ್ಯಾಸವನ್ನು. ವ್ಯತ್ಯಾಸವೇ ಇಲ್ಲದಿದ್ದರೆ ಅವು ಮೌನವಾಗುತ್ತವೆ. ಇಂಥ ಕೋಣೆಗಳ ಬಣ್ಣ ಸದಾ ನಿಧಾನವಾಗಿ ಬದಲಾಗುತ್ತಿರುವುದು ಬರೀ ಅಲಂಕಾರಕ್ಕಲ್ಲ. ನಿಂತ ಬಣ್ಣ ಸತ್ತುಹೋಗುತ್ತದೆ.

ಇಂಥ ಕೋಣೆ ಕಟ್ಟಲು ಹೊರಟವರು ಸಾಮಾನ್ಯವಾಗಿ ಮೊದಲು ದುಬಾರಿ ದೀಪ ಕೊಳ್ಳುತ್ತಾರೆ. ನಮ್ಮ ಮಾತು ಕೇಳುವುದಾದರೆ ಆ ದುಡ್ಡು ಗೋಡೆ ನುಣುಪು ಮಾಡುವ ಪುಟ್ಟಿಗೆ ಹೋಗಲಿ. ಗೋಡೆ-ಗೋಡೆ, ಗೋಡೆ-ನೆಲ, ಗೋಡೆ-ಚಾವಣಿ ಸೇರುವ ಕಡೆಯೆಲ್ಲ ಫೋಟೋ ಸ್ಟುಡಿಯೋದಲ್ಲಿರುವಂತೆ ಬಾಗುಗೋಡೆ ಬೇಕು. ಅರ್ಧ ಅಡಿ ತ್ರಿಜ್ಯದ ಬಾಗು ದೂರದಿಂದ ಗೆರೆಯಾಗಿಯೇ ಕಾಣುತ್ತದೆ. ಮೂರಡಿಯಾದರೂ ಇರಲಿ. ಪ್ಲೈವುಡ್ ಪಕ್ಕೆಲುಬುಗಳ ಮೇಲೆ ತೆಳು ಹಾಳೆ ಬಾಗಿಸಿ, ಕೀಲುಗಳಿಗೆ ಟೇಪು ಹಚ್ಚಿ, ಪುಟ್ಟಿ ಬಳಿದು, ಒಣಗಿದ ಮೇಲೆ 120, 220, 320 ನಂಬರಿನ ಉಜ್ಜುಕಾಗದದಿಂದ ಸರದಿಯಂತೆ ಉಜ್ಜಬೇಕು. ಪರೀಕ್ಷೆಗೆ ಕೋಣೆ ಕತ್ತಲು ಮಾಡಿ, ಟಾರ್ಚನ್ನು ಗೋಡೆಗೆ ತಾಗಿಸಿ ಓರೆಯಾಗಿ ಬೆಳಕು ಹಾಯಿಸಿ. ಹಗಲಲ್ಲಿ ನುಣುಪಾಗಿ ಕಂಡ ಗೋಡೆ ಆಗ ಉತ್ತ ಹೊಲದಂತೆ ಕಾಣುತ್ತದೆ. ಬಣ್ಣ ಹೊಳಪಿಲ್ಲದ ಬಿಳಿಯೇ ಆಗಬೇಕು. ಬಳಿದದ್ದು ಒಣಗುವ ಮೊದಲೇ ಮುಂದಿನ ಪಟ್ಟಿ ಸೇರುವಂತೆ ರೋಲರಿನಲ್ಲಿ ಒಂದೇ ಸಲಕ್ಕೆ ಇಡೀ ಗೋಡೆ ಮುಗಿಸಬೇಕು. ಆಮೇಲೆ ತೇಪೆ ಹಾಕಿದರೆ ಆ ಜಾಗ ಮಚ್ಚೆಯಂತೆ ಎದ್ದು ಕಾಣುತ್ತದೆ.

ಬಿಳಿಗೂ ಕಾರಣವಿದೆ. ಶೇ. 90ರಷ್ಟು ಬೆಳಕನ್ನು ಮರಳಿಸುವ ಮುಚ್ಚಿದ ಕೋಣೆಯಲ್ಲಿ ಬೆಳಕು ಪುಟಿಪುಟಿದು, ಒಟ್ಟು ಮೊತ್ತ ಮೊದಲ ಸಲ ಬಿದ್ದದ್ದರ ಸುಮಾರು ಹತ್ತು ಪಟ್ಟಾಗುತ್ತದೆ. ಶೇ. 80ಕ್ಕೆ ಇಳಿದರೆ ಐದೇ ಪಟ್ಟು. ಪುಟಿತ ಹೆಚ್ಚಿದಷ್ಟೂ ಬೆಳಕು ಸಮನಾಗಿ ಹರಡುತ್ತದೆ. ಒಂದೇ ಒಂದು ಬೆರಳಚ್ಚು, ಒಂದು ಚಪ್ಪಲಿ ಗುರುತು ಬಿದ್ದರೆ ಕಣ್ಣು ಅದನ್ನೇ ಹಿಡಿದುಕೊಂಡು ಗೋಡೆಯನ್ನು ಪತ್ತೆಹಚ್ಚುತ್ತದೆ. ಒಳಹೋಗುವವರಿಗೆ ಬಟ್ಟೆಯ ಕಾಲುಚೀಲ ಕೊಡುವುದು ಇದಕ್ಕೇ.

ದೀಪಗಳು ಕಿಂಡಿಯ ಚೌಕಟ್ಟಿನ ಹಿಂಬದಿಯಲ್ಲಿ ಅಡಗಿರಬೇಕು, ನೋಡುಗರ ಕಣ್ಣಿಗೆ ನೇರ ಬೀಳಬಾರದು. ಕಿಂಡಿಯ ಅಂಚನ್ನು ಹಿಂದಿನಿಂದ ಓರೆಯಾಗಿ ಹೆರೆದು ಚಾಕುವಿನಷ್ಟು ತೆಳುಮಾಡಬೇಕು, ಗೋಡೆಯ ದಪ್ಪ ಕಂಡರೆ ಕಿಂಡಿಯೆಂದು ಗೊತ್ತಾಗಿಬಿಡುತ್ತದೆ.

ನಿಧಾನವಾಗಿ ಬಣ್ಣ ಬದಲಿಸುವಾಗ ಬೇರೆ ತೊಡಕು. ವೇದಿಕೆ ದೀಪಗಳ ಡಿಎಂಎಕ್ಸ್ ನಿಯಂತ್ರಣದಲ್ಲಿ ಒಂದು ಚಾನೆಲ್‌ಗೆ ಬೆಳಕಿನ 256 ಮಟ್ಟಗಳು. ಹತ್ತು ನಿಮಿಷದಲ್ಲಿ ಕತ್ತಲಿಂದ ಪೂರ್ಣ ಬೆಳಕಿಗೆ ಏರಿಸಿದರೆ ಸುಮಾರು ಎರಡು ಸೆಕೆಂಡಿಗೊಂದು ಮೆಟ್ಟಿಲು. ಒಂದನೇ ಮಟ್ಟದಿಂದ ಎರಡನೆಯದಕ್ಕೆ ಹೋಗುವುದೆಂದರೆ ಬೆಳಕು ಇಮ್ಮಡಿಯಾದಂತೆ, ಆ ಜರ್ಕು ಯಾರಿಗಾದರೂ ಕಾಣುತ್ತದೆ. ಎರಡು ಚಾನೆಲ್ ಜೋಡಿಸಿ 65,536 ಮಟ್ಟ ಪಡೆಯುವ 16 ಬಿಟ್ ದೀಪಗಳು ಬೇಕು. ಎಲ್ಲ ಎಲ್‌ಇಡಿಗಳೂ ಒಂದೇ ಬ್ಯಾಚಿನವಾಗಿರಲಿ. ನಮ್ಮ ಕಣ್ಣು 490 ಮತ್ತು 590 ನ್ಯಾನೋಮೀಟರ್ ತರಂಗಾಂತರದ ಆಸುಪಾಸಿನಲ್ಲಿ, ಅಂದರೆ ಹಸಿರುನೀಲಿ ಮತ್ತು ಕಿತ್ತಳೆ ಹಳದಿಯಲ್ಲಿ, ಒಂದೆರಡು ನ್ಯಾನೋಮೀಟರ್ ವ್ಯತ್ಯಾಸವನ್ನೂ ಗುರುತಿಸಬಲ್ಲದು. ಕೆಂಪು ಎಲ್‌ಇಡಿ ಬಿಸಿಯಾದಂತೆ ನೀಲಿಗಿಂತ ಬೇಗ ಮಂಕಾಗುತ್ತದೆ. ಬೆಳಿಗ್ಗೆ ಸರಿಯಿದ್ದ ಮಿಶ್ರಣ ಮಧ್ಯಾಹ್ನ ನೀಲಿಯತ್ತ ಜಾರಿರುತ್ತದೆ. ಅರ್ಧ ಗಂಟೆ ಉರಿಸಿದ ನಂತರವೇ ಬಣ್ಣ ಹೊಂದಿಸಬೇಕು.

ಇದಕ್ಕೆ ತದ್ವಿರುದ್ಧ ದಾರಿ ಹಿಡಿದವರು ಡೆನ್ಮಾರ್ಕ್-ಐಸ್ಲೆಂಡ್ ಮೂಲದ ಕಲಾವಿದ ಓಲಾಫರ್ ಎಲಿಯಾಸನ್. 1997ರ ಕೃತಿಯೊಂದರಲ್ಲಿ ಅವರು ಕೋಣೆಗೆ ಬರೀ ಒಂದೇ ತರಂಗಾಂತರದ ಹಳದಿ ದೀಪ ಹಾಕಿದರು. ಪದವಿ ಕಾಲೇಜಿನ ಲ್ಯಾಬಿನಲ್ಲಿ ನ್ಯೂಟನ್ ಉಂಗುರಗಳ ಪ್ರಯೋಗಕ್ಕೆ ಬಳಸುವ ಸೋಡಿಯಂ ದೀಪದ ಹಾಗೆ 589 ನ್ಯಾನೋಮೀಟರಿನ ಬೆಳಕು. ಅಲ್ಲಿ ಕೆಂಪು ಸೀರೆಯೂ ಹಸಿರು ಅಂಗಿಯೂ ಬೂದು-ಹಳದಿ ಛಾಯೆಗಳಷ್ಟೇ. ಬೀದಿಯ ಕಿತ್ತಳೆ ಸೋಡಿಯಂ ದೀಪದಿಂದ ಈ ಪರಿಣಾಮ ಬಾರದು. ಅದು ಅಧಿಕ ಒತ್ತಡದ ದೀಪ, ಅದರ ಬೆಳಕಿನಲ್ಲಿ ಬೇರೆ ತರಂಗಾಂತರಗಳೂ ಸೇರಿರುತ್ತವೆ.

ಮಿನುಗುವ ಬೆಳಕು ಬಳಸುವುದಾದರೆ ಸೆಕೆಂಡಿಗೆ ಮೂರು ಸಲಕ್ಕಿಂತ ಹೆಚ್ಚು ಬೇಡ. ಆ ವೇಗದಾಚೆ ಅಪಸ್ಮಾರದ ಅಪಾಯವಿರುವವರಿಗೆ ಸೆಳವು ಬರಬಹುದು, ಬಾಗಿಲಲ್ಲೇ ಎಚ್ಚರಿಕೆಯ ಫಲಕ ಇರಬೇಕು. ಒಳಹೋದವರಿಗೆ ನೆಲ ಎಲ್ಲಿ ಮುಗಿಯುತ್ತದೆಂದು ಕಾಣದು, ಅಲ್ಲಿ ಕಾವಲಿಗೆ ಒಬ್ಬರು ನಿಲ್ಲಲೇಬೇಕು.

ಇನ್ನು ಹೊರಬರುವ ದಾರಿ. ಕೆಂಪು ಕೋಣೆಯಲ್ಲಿದ್ದು ಹೊರಬಂದವರಿಗೆ ಬಿಳಿ ಓಣಿ ಕೆಲಕಾಲ ಹಸಿರುನೀಲಿಯಾಗಿ ಕಾಣುತ್ತದೆ. ವೆನೆಜುವೆಲದ ಕಲಾವಿದ ಕಾರ್ಲೋಸ್ ಕ್ರೂಜ್-ಡೀಯೆಜ್ 1965ರಿಂದ ಕೆಂಪು, ಹಸಿರು, ನೀಲಿ ಕೋಣೆಗಳನ್ನು ಒಂದಕ್ಕೊಂದು ತೆರೆದಿಟ್ಟು ಇದನ್ನೇ ದುಡಿಸಿಕೊಂಡರು. ಕೆಂಪಿನಿಂದ ನೇರ ಹಸಿರಿಗೆ ಕಾಲಿಟ್ಟರೆ ಗೋಡೆಯ ಮೇಲೆ ಯಾರೂ ಬಳಿಯದ, ಯಾವ ದೀಪವೂ ಕೊಡದಷ್ಟು ಕಡು ಹಸಿರು ಕಾಣುತ್ತದೆ, ಕೆಲವು ಸೆಕೆಂಡು ಮಾತ್ರ.